ಪೈಲಟ್ "ನಾನು ಬೀಳಿಸಿದೆ" ಅಂದಿದ್ದನ್ನ ಚೆಕ್ ಮಾಡೋದು ಹೆಂಗೆ?

ಅರಕಲಗೂಡು_ಹುಡುಗ
ನಮಸ್ಕಾರ. ನಮ್ಮ ದೊಡ್ಡಪ್ಪ ಏರ್ ಫೋರ್ಸಲ್ಲಿ ಗ್ರೌಂಡ್ ಕೆಲಸದಲ್ಲಿದ್ರು, 71ರ ಯುದ್ಧ ಕಂಡವ್ರು. ಮೊನ್ನೆ ಹಬ್ಬಕ್ಕೆ ಎಲ್ಲ ಸೇರಿದ್ದಾಗ ಪೂರ್ವ ಪಾಕಿಸ್ತಾನದ ಗಡಿ ಹತ್ರದ ಬೊಯ್ರಾ ಕಾಳಗದ ಕಥೆ ಹೇಳ್ತಿದ್ರು, 1971 ನವೆಂಬರ್ 22, ನಮ್ಮ ನಾಲ್ಕು ನ್ಯಾಟ್ ಫೈಟರ್ ವಿಮಾನ ಹೋಗಿ ಪಾಕಿಸ್ತಾನದ ಮೂರು ಸೇಬರ್ ಫೈಟರ್ ಹೊಡೆದುರುಳಿಸಿದ್ವು ಅಂತ. ಚಿಕ್ಕಪ್ಪನ ಮಗ ಫೋನ್ ತೆಗೆದು, ಪಾಕಿಸ್ತಾನದವ್ರು ಎರಡೇ ಅಂತಾವ್ರೆ ಮೂರನೇದು ವಾಪಸ್ ಹೋಗಿ ಇಳೀತಂತೆ ಅಂತ ಎಲ್ಲರ ಮುಂದೆ ಓದಿಬಿಟ್ಟ. ದೊಡ್ಡಪ್ಪ ಅರ್ಧ ಊಟಕ್ಕೇ ಎದ್ದೋದ್ರು, ನಂಗೆ ತುಂಬ ಬೇಜಾರಾಯ್ತು. ಇಂಥದ್ದರಲ್ಲಿ ನಿಜ ಯಾವ್ದು ಅಂತ ತಿಳಿಯೋದು ಹೆಂಗೆ? ವಿಮಾನದಲ್ಲೇ ಗನ್ ಜೊತೆ ಕ್ಯಾಮೆರಾ ಇರ್ತಿತ್ತಲ್ಲ?

ಪೆನ್ಷನ್‌ಮೊಹಲ್ಲಾ_ಹಾಸನ
ದೊಡ್ಡಪ್ಪನವ್ರು ಸುಳ್ಳು ಹೇಳ್ಲಿಲ್ಲ ಕಣ್ರೀ, ಮೊದ್ಲು ಅದನ್ನ ನಿಮ್ಮ ತಮ್ಮನಿಗೆ ಹೇಳಿ. ಲೆಕ್ಕ ಜಾಸ್ತಿ ಆಗೋದು ಎಲ್ಲ ದೇಶದಲ್ಲೂ ಇದ್ದಿದ್ದೇ. 1940 ಸೆಪ್ಟೆಂಬರ್ 15ಕ್ಕೆ ಬ್ರಿಟಿಷ್ರು ಒಂದೇ ದಿನ 185 ಜರ್ಮನ್ ವಿಮಾನ ಬೀಳಿಸಿದ್ವಿ ಅಂತ ಸಾರಿದ್ರು, ಯುದ್ಧ ಮುಗಿದು ಜರ್ಮನ್ನರ ಕಡತ ಕೈಗೆ ಸಿಕ್ಮೇಲೆ ನೋಡಿದ್ರೆ 60ರ ಆಸುಪಾಸು. ಒಂದೇ ವಿಮಾನಕ್ಕೆ ಮೂರು ಜನ ಹೊಡೆದಿರ್ತಾರೆ, ಮೂರೂ ಜನ ನಂದು ಅಂತ ಬರೆಸಿರ್ತಾರೆ. ಜರ್ಮನ್ನರ ಮೆಸ್ಸರ್‌ಶ್ಮಿಟ್ ಫೈಟರ್ ಫುಲ್ ಥ್ರಾಟಲ್ ಕೊಟ್ಟು ಕೆಳಕ್ಕೆ ಧುಮುಕಿದ್ರೆ ಎಂಜಿನ್ನಿಂದ ಕಪ್ಪು ಹೊಗೆ ಬರೋದು, ಹಿಂದಿದ್ದವ್ರಿಗೆ ಬಿತ್ತು ಅಂತ್ಲೇ ಕಾಣೋದು, ಅದು ಮೋಡದೊಳಗೆ ನುಗ್ಗಿ ಮನೆ ಸೇರಿರೋದು. ನೆಲಕ್ಕೆ ಬಡಿಯೋವರೆಗೂ ನೋಡ್ತಾ ಕೂತ್ರೆ ಅಷ್ಟರಲ್ಲಿ ಇವ್ರ ಬೆನ್ನ ಹಿಂದೆ ಇನ್ನೊಬ್ಬ ಬಂದಿರ್ತಾನೆ. ಕ್ಯಾಮೆರಾನೂ ಗುಂಡು ಹಾರ್ಸೋ ಹೊತ್ತಲ್ಲಿ ಮಾತ್ರ ಓಡೋದು, ಗುಂಡು ತಗುಲಿದ್ದು ಕಾಣುತ್ತೆ, ಬಿದ್ದಿದ್ದು ಕಾಣಲ್ಲ.

ಹಂಗಾಗಿ ಹೊಡೆದವ್ರ ಪಟ್ಟಿ ಪಕ್ಕಕ್ಕಿಟ್ಟು ಕಳ್ಕೊಂಡವ್ರ ಪಟ್ಟಿ ಹಿಡೀಬೇಕು. ಪೇಪರಿಗೆ ಏನೇ ಹೇಳ್ಲಿ, ಹೊಸ ವಿಮಾನ ತರಿಸ್ಕೊಳ್ಳೋಕಾದ್ರೂ ಒಳಗಿನ ಲೆಕ್ಕ ಸರಿ ಇಡ್ಲೇಬೇಕು. ಜರ್ಮನ್ನರು ಎಷ್ಟು ಪರ್ಸೆಂಟ್ ಡ್ಯಾಮೇಜ್ ಅಂತಾನೂ ಬರೀತಿದ್ರು. ದಿನ, ಟೈಮು, ಜಾಗ, ವಿಮಾನದ ನಂಬರು, ಪೈಲಟ್ ಏನಾದ, ಇಷ್ಟೂ ಎರಡೂ ಕಡೆ ತಾಳೆ ಆಗ್ಬೇಕು.

ಬೊಯ್ರಾದಲ್ಲಿ ಎರಡು ಸೇಬರ್ ಬಗ್ಗೆ ತಕರಾರೇ ಇಲ್ಲ, ಪೈಲಟ್‌ಗಳಿಬ್ರೂ ನಮ್ಮ ಕೈಗೆ ಸಿಕ್ರು, ಅವ್ರಲ್ಲಿ ಒಬ್ಬ ಪರ್ವೇಜ್ ಮೆಹದಿ ಖುರೇಷಿ ಮುಂದೆ ಪಾಕಿಸ್ತಾನದ ಏರ್ ಚೀಫ್ ಆದ್ರು. ಮೂರನೇದು ಪೆಟ್ಟು ತಿಂದು ಢಾಕಾ ಹತ್ರದ ತೇಜ್‌ಗಾಂವ್‌ಗೆ ಹೋಯ್ತು ಅಂತ ಅವ್ರು ಹೇಳ್ತಾರೆ. ಆದ್ರೆ ಅವ್ರೂ ಅವತ್ತು ಒಂದು ನ್ಯಾಟ್ ಬೀಳಿಸಿದ್ವಿ ಅಂದಿದ್ರು, ನಮ್ಮವು ನಾಲ್ಕೂ ವಾಪಸ್ ಬಂದಿವೆ.

ಕಾಫಿತೋಟ_ಮೂಡಿಗೆರೆ
ನಮ್ಮಜ್ಜನ ಕಾಲದ ಹಂದಿ ಶಿಕಾರಿ ನೆನಪಾಯ್ತು ಮಾರಾಯ್ರೆ. ನಾಲ್ಕು ಕೋವಿ ಒಟ್ಟಿಗೆ ಸಿಡಿದ್ರೆ ಹಂದಿ ಯಾರದು ಅಂತ ಪಾಲು ಹಾಕೋವಾಗ ಗಲಾಟೆ, ಯಾರೂ ಸುಳ್ಳು ಹೇಳ್ತಿರ್ಲಿಲ್ಲ, ಪ್ರತಿಯೊಬ್ರೂ ತಮ್ಮ ಗುಂಡಿಗೇ ಬಿತ್ತು ಅಂತ ಕಣ್ಣಾರೆ ಕಂಡಿರೋರು. ಇನ್ನೊಂದು, ಪೈಲಟ್ ಹೆಸರಿಗೆ "ವಿಕ್ಟರಿ" ಬರೆದ್ರು ಅಂದ ತಕ್ಷಣ ಬಿದ್ದಿದ್ದು ಅಂತ ಅಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ರ ಕಡೆ ಹಾರಿದ ನಮ್ಮ ಇಂದ್ರ ಲಾಲ್ ರಾಯ್ 1918ರ ಜುಲೈನಲ್ಲಿ ಎರಡೇ ವಾರದೊಳಗೆ 10 ಪಡೆದ್ರಲ್ಲ, ಆಗಿನ ಬ್ರಿಟಿಷ್ ಲೆಕ್ಕದಲ್ಲಿ ಕಂಟ್ರೋಲ್ ತಪ್ಪಿ ಗಿರಗಿರ ಕೆಳಗೆ ಹೋಗಿದ್ದೂ ಸೇರ್ತಿತ್ತು, ಇಬ್ರು ಸೇರಿ ಹೊಡೆದಿದ್ದೂ ಸೇರ್ತಿತ್ತು. ಆ ಹುಡುಗನಿಗೆ ಆಗ ಬರೀ 19, ಅದೇ ತಿಂಗಳು 22ಕ್ಕೆ ಹೋಗ್ಬಿಟ್ರು. ನಿಯಮ ಗೊತ್ತಿಲ್ದೆ ಬರೀ ನಂಬರ್ ಹೋಲಿಸೋದು ಅವ್ರಿಗೆ ಮಾಡೋ ಅನ್ಯಾಯ.

ಕೊಡ್ಲಿಪೇಟೆ_ಗಡಿ
ಎಲ್ರೂ ಲೆಕ್ಕ ಕಮ್ಮಿ ಆಗೋದನ್ನೇ ಹೇಳ್ತಿದ್ದೀರಿ. ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವ್ರದ್ದು ಉಲ್ಟಾ. 1965 ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ಏರ್‌ಬೇಸ್ ಮೇಲೆ ದಾಳಿಗೆ ಹೋದ ನಮ್ಮ ಮಿಸ್ಟೇರ್ ವಿಮಾನಗಳಲ್ಲಿ ಅವ್ರದ್ದು ಸ್ಟ್ಯಾಂಡ್‌ಬೈ, ಆದ್ರೂ ಅವ್ರೂ ಹೋದ್ರು, ವಾಪಸ್ ಬರ್ಲಿಲ್ಲ. ಏನಾಯ್ತು ಅಂತ ಜೊತೆಗಿದ್ದವ್ರಿಗೇ ಗೊತ್ತಿಲ್ಲ, ಕಾಣೆಯಾದವ್ರು ಅಂತ ಬರೆದು ಮುಗಿಸಿದ್ರು. ಕ್ಲೈಮ್ ಮಾಡೋಕೆ ಅವ್ರೇ ಇಲ್ಲ. ಅವ್ರ ಹಳೇ ಮಿಸ್ಟೇರ್, ಅದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಜೆಟ್ ಒಂದನ್ನ ಬೀಳಿಸಿತ್ತು ಅನ್ನೋದು ಹೊರಗೆ ಬಂದಿದ್ದು ಪಾಕಿಸ್ತಾನದ ಕಡೆಯಿಂದ್ಲೇ, ಆ ಸ್ಟಾರ್‌ಫೈಟರ್ ಪೈಲಟ್ ಅಮ್ಜದ್ ಹುಸೇನ್ ಹಾರಿ ಬದುಕಿದ್ರು. ಮರಣೋತ್ತರ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. 23 ವರ್ಷ! ಮನೆಯವ್ರು ಅಷ್ಟು ವರ್ಷ ಹೆಂಗೆ ಕಳೆದ್ರೋ. ಶತ್ರು ದಾಖಲೆ ಓದೋದು ದೇಶದ್ರೋಹ ಅನ್ನೋರಿಗೆ ನಾನು ಯಾವಾಗ್ಲೂ ಇದನ್ನೇ ಹೇಳೋದು.

ನಿಮ್ಮ ದೊಡ್ಡಪ್ಪನವ್ರ ಹತ್ರ ಕೂತು ಮಾತೆಲ್ಲ ರೆಕಾರ್ಡ್ ಮಾಡ್ಕೊಳ್ಳಿ. ಯಾವ ಸ್ಟೇಷನ್, ಯಾವ ತಿಂಗಳು, ಕಣ್ಣಾರೆ ಕಂಡಿದ್ದು ಯಾವ್ದು, ಬೇರೆಯವ್ರಿಂದ ಕೇಳಿದ್ದು ಯಾವ್ದು, ಬೇರೆ ಬೇರೆ ಬರೆದಿಡಿ.

ಅರಕಲಗೂಡು_ಹುಡುಗ
ದೇವಯ್ಯನವ್ರದ್ದು ಇವತ್ತು ಸಂಜೆ ದೊಡ್ಡಪ್ಪನಿಗೆ ಓದಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಟ್ರಂಕಿಂದ ಹಳೇ ಸರ್ವಿಸ್ ಪುಸ್ತಕ ತೆಗೆಸಿದ್ರು, ನಾಳೆ ಬೆಳಿಗ್ಗೆ ಬಾ, ತಮ್ಮನ್ನೂ ಕರ್ಕೊಂಡು ಬಾ ಅಂದವ್ರೆ.