‘ಗ್ರಾಕ್’ ಎಂಬ ಮಂಗಳಗ್ರಹದ ಮಾತಿಗೆ ಕನ್ನಡದಲ್ಲಿ ಯಾವ ಕ್ರಿಯಾಪದ?

ಮಾನ್ಯರೇ,

ರಾಬರ್ಟ್ ಹೈನ್‌ಲೈನ್ 1961ರಲ್ಲಿ ಪ್ರಕಟಿಸಿದ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ ಕಾದಂಬರಿಯ ಕೆಲವು ಅಧ್ಯಾಯಗಳನ್ನು ಮಡಿಕೇರಿಯ ನಮ್ಮ ಓದುಗರ ಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ‘ಗ್ರಾಕ್’ ಎಂಬ ಕ್ರಿಯಾಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮಂಗಳಗ್ರಹದವರ ಆರೈಕೆಯಲ್ಲಿ ಬೆಳೆದು ಭೂಮಿಗೆ ಬಂದ ಮನುಷ್ಯ ಮೈಕೆಲ್ ಸ್ಮಿತ್ ಈ ಪದವನ್ನು ಮಾತುಮಾತಿಗೂ ಬಳಸುತ್ತಾನೆ. ಲೇಖಕ ಬಹಳ ಪುಟಗಳವರೆಗೆ ಅದರ ಅರ್ಥವನ್ನು ಬಿಡಿಸುವುದಿಲ್ಲ. ಕೊನೆಗೆ ಭಾಷಾತಜ್ಞ ಮಹಮೂದನ ಬಾಯಲ್ಲಿ ವಿವರಣೆ ಬರುತ್ತದೆ. ಪದದ ಮೂಲಾರ್ಥ ‘ಕುಡಿ’ ಎಂದಷ್ಟೇ. ಆದರೆ ಅರಿಯುವವನು ಅರಿತದ್ದರೊಳಗೆ ಬೆರೆತು, ಅದೂ ಅವನೊಳಗೆ ಬೆರೆತು, ಎರಡನ್ನೂ ಬೇರ್ಪಡಿಸಲಾಗದ ಸ್ಥಿತಿಯೇ ಅದರ ತಿರುಳು. ದ್ವೇಷವೂ ಇದರೊಳಗೇ ಅಡಕವಾಗಿದೆ: ಹಾಗೆ ಬೆರೆಯದೆ ಯಾವುದನ್ನೂ ದ್ವೇಷಿಸಲಾಗದು, ಬೆರೆತ ಮೇಲೆ ಆ ದ್ವೇಷ ತನ್ನ ಮೇಲೆಯೇ ತಿರುಗುತ್ತದೆ.

ಇಂಗ್ಲಿಷ್ ನಿಘಂಟುಗಳಿಗೆ ಸೇರಿದ ಈ ಪದ ಪ್ರೋಗ್ರಾಮರುಗಳ ಆಡುಮಾತಾಗಿ, 2023ರಲ್ಲಿ ಒಂದು ಚಾಟ್‌ಬಾಟ್‌ನ ಹೆಸರೂ ಆಯಿತು. ಅಷ್ಟರಲ್ಲಿ ಅದರೊಳಗಿನ ನೀರೆಲ್ಲ ಆರಿ, ‘ಚೆನ್ನಾಗಿ ಅರ್ಥಮಾಡಿಕೊಳ್ಳು’ ಎಂಬ ಒಣ ಅರ್ಥವೊಂದೇ ಉಳಿದಿದೆ. ಆದ್ದರಿಂದ ‘ಮನಗಾಣು’, ‘ಕರಗತ ಮಾಡಿಕೊಳ್ಳು’ ಎಂಬವು ನನಗೆ ಒಪ್ಪಿಗೆಯಾಗುವುದಿಲ್ಲ. ಕಾದಂಬರಿಯ ಮಂಗಳದಲ್ಲಿ ನೀರು ಅಪರೂಪದ ವಸ್ತು. ಒಂದು ಲೋಟ ನೀರು ಕೊಟ್ಟ ದಾದಿ ಜಿಲ್ ಸ್ಮಿತ್‌ಗೆ ಆಜೀವ ಬಂಧುವಾಗುತ್ತಾಳೆ. ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿ ಕಾದಿರಿಸಿ, ಕೊನೆಯುಸಿರಿನಲ್ಲಿರುವವರ ಬಾಯಿಗೆ ಬಿಡುವ ನಮ್ಮ ಜಿಲ್ಲೆಯ ಓದುಗರಿಗೆ ಈ ಬಾಂಧವ್ಯದ ತೂಕವನ್ನು ಹೇಳಿಕೊಡಬೇಕಾಗಿಲ್ಲ. (ಜಿಲ್‌ಳನ್ನೂ ಇಂಗ್ಲಿಷಿನಲ್ಲಿ ‘ನೀರಿನ ಸಹೋದರ’ನೆಂದೇ ಕರೆಯಬೇಕಾಗಿದೆ, ಲಿಂಗಭೇದವಿಲ್ಲದ ‘ನೀರೊಡಹುಟ್ಟು’ ಕನ್ನಡದಲ್ಲಿ ಸಲೀಸಾಗಿ ಒದಗಿತು.)

‘ಆಪೋಶನ’ದಲ್ಲಿ ನೀರು ಕುಡಿಯುವ ಕ್ರಿಯೆ ಇದೆ, ಆದರೆ ‘ಆಪೋಶನ ತೆಗೆದುಕೊಂಡ’ ಎಂದೊಡನೆ ನುಂಗಿಹಾಕಿದ ಎಂಬ ಧ್ವನಿ ಬರುತ್ತದೆ. ‘ಹೀರಿಕೊಳ್ಳು’ ಒಮ್ಮುಖವಾದದ್ದು. ನನ್ನ ಒಲವು ‘ಉಣ್ಣು’ವಿನ ಕಡೆಗಿದೆ: ಕರು ಹಾಲುಣ್ಣುತ್ತದೆ, ಮನುಷ್ಯ ನೋವುಣ್ಣುತ್ತಾನೆ, ವಚನಗಳ ‘ಉರಿಯುಂಡ ಕರ್ಪೂರ’ದಲ್ಲಿ ಉಂಡದ್ದು ಯಾವುದು, ಉಣಿಸಿಕೊಂಡದ್ದು ಯಾವುದು ಎಂಬ ಗೆರೆಯೇ ಅಳಿಸಿಹೋಗುತ್ತದೆ. ಸತ್ತ ಆಪ್ತರನ್ನು ಗೌರವದಿಂದ ತಿನ್ನುವ ಮಂಗಳದವರ ಪದ್ಧತಿಗೂ ಇದು ಹೊಂದುತ್ತದೆ. ತೊಡಕಿರುವುದು ಸಂಭಾಷಣೆಯಲ್ಲಿ. ‘ನಾನಿನ್ನೂ ಪೂರ್ಣವಾಗಿ ಉಂಡಿಲ್ಲ’ ಎಂದು ಸ್ಮಿತ್ ಗಂಭೀರವಾಗಿ ನುಡಿದರೆ, ಓದುಗರು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಲು ಎದ್ದಾರು.

ಮೂಲಪದವನ್ನೇ ಉಳಿಸಿಕೊಳ್ಳುವುದು ಇನ್ನೊಂದು ದಾರಿ. ‘ಗ್ರಾಕ್ ಮಾಡು’ ಎಂಬುದು ‘ಫೋನ್ ಮಾಡು’ವಿನಷ್ಟು ಹಗುರ, ‘ಗ್ರಾಕಿಸು’ ಎಂದರೆ ಇನ್ನೊಬ್ಬರಿಂದ ಮಾಡಿಸಿದಂತೆ ಕೇಳುತ್ತದೆ. ‘ಹಾಕು’, ‘ತಾಕು’ಗಳ ಸಾಲಿನಲ್ಲಿ ‘ಗ್ರಾಕು’ ಎಂದಿಟ್ಟುಕೊಂಡರೆ ಗ್ರಾಕುತ್ತೇನೆ, ಗ್ರಾಕಿದೆ, ಗ್ರಾಕದೆ ಎಂದು ಕನ್ನಡದ ಧಾತುವಿನಂತೆಯೇ ನಡೆಯುತ್ತದೆ, ‘ತಾಕು’ವಿನ ನೆರಳೂ ದೊರೆಯುತ್ತದೆ. ಆದರೆ ‘ಗ್ರಾಕಿ ಬಂದನು’ ಎಂದು ಬರೆದರೆ ಮಡಿಕೇರಿಯ ಶುಕ್ರವಾರದ ಸಂತೆಗೆ ಗಿರಾಕಿ ಬಂದಂತಾಗುತ್ತದೆ. ಆ ಒಂದು ರೂಪವನ್ನು ‘ಗ್ರಾಕಿಕೊಂಡು’ ಎಂದು ತಪ್ಪಿಸಬಹುದೇನೋ.

ಸದ್ಯಕ್ಕೆ ಸ್ಮಿತ್‌ನ ಮಾತುಗಳಲ್ಲಿ ‘ಗ್ರಾಕು’ವನ್ನೂ ಮಹಮೂದನ ವಿವರಣೆಯಲ್ಲಿ ‘ಉಣ್ಣು’ವನ್ನೂ ಇಟ್ಟಿದ್ದೇನೆ. ಹೊಸ ಧಾತುವಿಗೆ ಈ ರೂಪಗಳು ವ್ಯಾಕರಣದ ದೃಷ್ಟಿಯಿಂದ ಸಲ್ಲುತ್ತವೆಯೇ? ಹಳಗನ್ನಡದಲ್ಲಾಗಲಿ ಕೊಡವ ತಕ್ಕ್, ಅರೆಭಾಷೆಗಳಲ್ಲಾಗಲಿ ಕುಡಿಯುವುದನ್ನೂ ಒಂದಾಗುವುದನ್ನೂ ಒಟ್ಟಿಗೆ ಸೂಚಿಸುವ ಕ್ರಿಯಾಪದವಿದ್ದರೆ, ಬಳಕೆಯ ಒಂದು ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.