ಅಕ್ವೇರಿಯಮ್‌ಗೆ ಸೋವಿ ಕಲ್ಲು ಎಲ್ಲಿ ಸಿಗ್ತಾವ?

ಮೀನ್‌ಮನಿ: ಅಣ್ಣಾರ, ಕಲಬುರಗಿದಾಗ ಇರೋದು ನಾ, 2 ಫೂಟಿನ ಟ್ಯಾಂಕ್ ಅದ, ಒಳಗ ಟೆಟ್ರಾ ಮೀನು. ಅಂಗಡ್ಯಾಗ ಮುಷ್ಟಿಯಷ್ಟು ಕಲ್ಲಿಗೆ ಹೇಳೋ ರೇಟ್ ಕೇಳಿದ್ರ ಮೀನೇ ಸೋವಿ ಅನ್ನಿಸ್ತದ. ಮನಿ ಕಟ್ಟಿಸ್ದಾಗ ಉಳಿದ ಶಹಾಬಾದ್ ಪರ್ಸಿ ತುಂಡು ಹಿತ್ತಲದಾಗ ಬಿದ್ದಾವ, ಹಾಕ್ಬಹುದಾ?

ಕರಿಕಲ್ಲು: ಟೆಟ್ರಾಕ್ಕ ಬ್ಯಾಡ್ರಿ. ಶಹಾಬಾದ್ ಕಲ್ಲು ಅಂದ್ರ ಸುಣ್ಣದಕಲ್ಲು, ನೀರಾಗ ಮೆಲ್ಲಕ ಕರಗಿ ನೀರಿನ ಗಡಸುತನ, ಪಿಎಚ್ (ಆಮ್ಲ-ಕ್ಷಾರದ ಅಳತಿ) ಎರಡೂ ಏರಸ್ತದ, ಮೊಲ್ಲಿ ಗಪ್ಪಿ ಇದ್ರ ನಡೀತದ ಆದ್ರ ಟೆಟ್ರಾಕ್ಕ ಮೆದು ನೀರು ಬೇಕು. ಒಣ ಕಲ್ಲಿನ ಮ್ಯಾಲ ನಾಕು ಹನಿ ವಿನೆಗರ್ ಬಿಟ್ಟು ನೋಡ್ರಿ, ನೊರಿ ಬಂದ್ರ ಸುಣ್ಣ ಅದ ಅಂತ ತಿಳ್ಕೋರಿ.

ಯಾದಗಿರಿ ಹುಡುಗ: ಗ್ರಾನೈಟ್ ಹಾಕ್ರಿ. ಕಟಿಂಗ್ ಮಾಡೋರ ಹತ್ರ ತುಂಡು ಬಿದ್ದಿರ್ತಾವ, ಕೇಳಿದ್ರ ಪುಕಟ ಕೊಡ್ತಾರ. ಚೂಪ ಅಂಚು ಉಜ್ಜಿ ಬ್ರಷ್‌ಲೆ ತೊಳೀರಿ, ಸೋಪು ಹಚ್ಚಬ್ಯಾಡ್ರಿ, ಒಲಿ ಮ್ಯಾಲ ಇಟ್ಟು ಕುದಿಸಲೂಬ್ಯಾಡ್ರಿ, ಒಳಗ ನೀರು ಸಿಕ್ಕೊಂಡಿದ್ರ ಸಿಡೀತಾವ.

ಬೀದರ್‌ಕರ್: ನಾ ನಮ್ಮೂರ ಕೆಂಪ ಮುರಕಲ್ಲು ಹಾಕಿದ್ದೆ. ತೂತು ತೂತು, ಏನ್ ಚಂದ ಕಾಣ್ತಿತ್ತು, ಎರಡ ದಿನದಾಗ ನೀರು ಚಹಾ ಆತು 😅

ಮೀನ್‌ಮನಿ: ವಿನೆಗರ್ ಹಾಕ್ದೆ, ಬುರುಬುರು ಅಂತು. ಪರ್ಸಿ ವಾಪಸ್ ಹಿತ್ತಲಕ್ಕ. ನಾಳಿ ಗ್ರಾನೈಟ್ ತರ್ತೀನ್ರಿ.