ಅಪ್‌ಡೇಟ್: ಸಸ್ಪೆನ್ಶನ್ ಮತ್ತು ಬ್ಯಾಟರಿ ದೀಪಗಳಿಗೆ ಕಾರಣ ಸಿಕ್ಕಿದೆ
ನನ್ನ ಹಳೆಯ ಎಸ್‌ಯುವಿಯಲ್ಲಿ ಏರ್ ಸಸ್ಪೆನ್ಶನ್ (ಗಾಳಿ ತುಂಬಿದ ಸ್ಪ್ರಿಂಗ್‌ಗಳ ಮೇಲೆ ಗಾಡಿಯನ್ನು ಹೊರುವ ವ್ಯವಸ್ಥೆ), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಬ್ಯಾಟರಿಯ ಎಚ್ಚರಿಕೆ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತಿವೆ, ಸ್ಪ್ರಿಂಗ್‌ಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಬದಲಿಸಬೇಕೇ ಎಂದು ಕೇಳಿದ್ದೆ. ಮೊದಲು ವೋಲ್ಟೇಜ್ ಅಳೆಯಿರಿ ಎಂದವರ ಮಾತೇ ಸರಿಯಾಯಿತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬಳಿ 14.2 ವೋಲ್ಟ್ ಇದ್ದರೂ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ 12.9 ಮಾತ್ರ ಸಿಗುತ್ತಿತ್ತು. ಎಂಜಿನ್‌ನಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಬರುವ, ವಿದ್ಯುತ್ ಮರಳುವ ದಾರಿಯಾದ ಅರ್ತ್ ಪಟ್ಟಿಯ ಬೋಲ್ಟ್ ಕೆಳಗೆ ಹಸಿರು ಕಿಲುಬು ದಪ್ಪವಾಗಿ ಕಟ್ಟಿತ್ತು; ವೋಲ್ಟೇಜ್ ಇಳಿಯುತ್ತಿದ್ದುದು ಅಲ್ಲೇ. ಜಾಗವನ್ನು ಉಜ್ಜಿ ಹೊಸ ಪಟ್ಟಿ ಹಾಕಿಸಿ ಗಾಡಿಯ ಕಂಪ್ಯೂಟರ್‌ನಲ್ಲಿ ಉಳಿದಿದ್ದ ದೋಷದ ಕೋಡ್‌ಗಳನ್ನು ಅಳಿಸಿದ ಮೇಲೆ ಎಬಿಎಸ್ ಮತ್ತು ಬ್ಯಾಟರಿ ದೀಪಗಳು ಮರಳಿ ಬಂದಿಲ್ಲ. ಸಸ್ಪೆನ್ಶನ್ ದೀಪ ಮಾತ್ರ ಉಳಿಯಿತು. ರಾತ್ರಿ ನಿಲ್ಲಿಸಿದ ಗಾಡಿಯ ಹಿಂದಿನ ಎಡಭಾಗ ಬೆಳಿಗ್ಗೆ ಕುಸಿದಿರುತ್ತಿದ್ದುದರಿಂದ ಅಲ್ಲಿ ಸೋಪಿನ ನೀರು ಸಿಂಪಡಿಸಿದಾಗ, ಏರ್ ಸ್ಪ್ರಿಂಗ್‌ನ ರಬ್ಬರ್ ಮಡಿಕೆಯಿಂದ ಸಣ್ಣ ಗುಳ್ಳೆಗಳು ಎದ್ದವು. ಈ ಸೋರಿಕೆಯಿಂದಲೇ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬಿಸಿಯಾಗುತ್ತಿತ್ತು. ಹಿಂದಿನ ಎರಡೂ ಏರ್ ಸ್ಪ್ರಿಂಗ್‌ಗಳನ್ನು ಬದಲಿಸುತ್ತಿದ್ದೇನೆ. ಗ್ಯಾರೇಜಿನವರು ಮೊದಲು ಸೂಚಿಸಿದ್ದ ದುಬಾರಿ ಕಂಪ್ರೆಸರ್ ಸದ್ಯಕ್ಕೆ ಬೇಡ.